ಕೊಡಚಾದ್ರಿಯೋ, ಕವಲೇದುರ್ಗವೋ, ಕುಂದಾದ್ರಿಯೋ?

ಬೆಂಗಳೂರಿನಿಂದ ನೆಂಟರು ಬಂದಾಗಲೆಲ್ಲ ಇದೇ ಪ್ರಶ್ನೆ. "ಒಂದೇ ದಿನ ಇದೆ, ಯಾವ ಗುಡ್ಡಕ್ಕೆ ಹೋಗೋಣ?" ನಮ್ಮ ಮನೆ ಶಿವಮೊಗ್ಗದಲ್ಲಿ. ನಾನು ಹಿಂದೆ ಮುಂದೆ ಯೋಚಿಸದೆ ಎಲ್ಲರಿಗೂ ಕೊಡಚಾದ್ರಿ ಅಂತಲೇ ಹೇಳಿ ಕಳಿಸುತ್ತಿದ್ದೆ. ಹಾಗೆ ಹೇಳಬಾರದು ಅಂತ ಗೊತ್ತಾದದ್ದು ಅಮ್ಮನನ್ನು ಕರೆದುಕೊಂಡು ಹೋದ ದಿನ. ಜೀಪಿನ ಕುಲುಕಾಟಕ್ಕೆ ಅವಳ ಸೊಂಟ ಹಿಡಿದುಕೊಂಡಿತು. ಮೇಲೆ ದೇವಸ್ಥಾನದ ಕಟ್ಟೆಯ ಮೇಲೆ ಕೂತವಳು ಅಲ್ಲಿಂದ ಏಳಲೇ ಇಲ್ಲ, ತುದಿಯ ಸರ್ವಜ್ಞಪೀಠದವರೆಗೆ ಬರಲಾಗಲಿಲ್ಲ. "ಇಷ್ಟು ದೂರ ಬಂದು ಪೀಠ ಕಾಣದೆ ಹೋಗೋದಾಯ್ತಲ್ಲೇ" ಅಂತ ಒಂದೇ ಮಾತು ಹೇಳಿದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಅದಾದ ಮೇಲೆ ನವರಾತ್ರಿಯಿಂದ ಶಿವರಾತ್ರಿವರೆಗೆ ಮೂರು ಗುಡ್ಡಗಳಿಗೂ ಎರಡೆರಡು ಸಲ ಹೋಗಿ ಬಂದೆ. ಒಮ್ಮೆ ಅಕ್ಕ, ಭಾವ, ಅವರ ಮಗಳ ಜೊತೆ, ಒಮ್ಮೆ ಅಮ್ಮನ ಜೊತೆ, ಒಮ್ಮೆ ಗೆಳತಿಯರ ಜೊತೆ. ಯಾರಿಗೆ ಯಾವುದು ಒಗ್ಗುತ್ತದೆ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ. ಮುಳ್ಳಯ್ಯನಗಿರಿ, ಕುದುರೆಮುಖ ಎರಡನ್ನೂ ಈ ಲೆಕ್ಕಕ್ಕೆ ತಂದಿಲ್ಲ. ಮುಳ್ಳಯ್ಯನಗಿರಿ 1930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ ನಿಜ. ಆದರೆ ಎರಡೂ ಚಿಕ್ಕಮಗಳೂರಿನ ಕಡೆಯವು. ಕುದುರೆಮುಖ ಹತ್ತಲು ಮೊದಲೇ ಬುಕಿಂಗ್ ಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. ಶಿವಮೊಗ್ಗದಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವವರಿಗೆ ಈ ಮೂರೇ ಸರಿ.

ಮೊದಲು ಕೊಡಚಾದ್ರಿ. 1343 ಮೀಟರ್ ಎತ್ತರ, ಹೊಸನಗರ ತಾಲ್ಲೂಕು. ಶಿವಮೊಗ್ಗದಿಂದ ಹೊಸನಗರ, ನಗರ, ನಿಟ್ಟೂರು ದಾಟಿ ಕಟ್ಟಿನಹೊಳೆಗೆ ಹೋಗಬೇಕು. ಅಲ್ಲಿಂದ ಮೇಲಕ್ಕೆ ಜೀಪು. ಕೊಲ್ಲೂರಿನಿಂದಲೂ ಜೀಪು ಬರುತ್ತದೆ. ಮೂಕಾಂಬಿಕೆಯ ದರ್ಶನಕ್ಕೆ ಬರುವ ಕೇರಳದ ಭಕ್ತರಲ್ಲಿ ತುಂಬ ಜನ ಆ ದಾರಿಯಲ್ಲೇ ಬರುತ್ತಾರೆ.

ಜೀಪಿನ ದಾರಿಯ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಅದು ರಸ್ತೆಯೇ ಅಲ್ಲ. ಮಳೆನೀರು ಕೊರೆದ ಕೆಂಪು ಮಣ್ಣಿನ ಕೊರಕಲು, ಅದರಲ್ಲಿ ಎದ್ದು ನಿಂತ ಕಲ್ಲುಗಳು. ಓಡಿಸುವವರ ಕೈಚಳಕ ಮೆಚ್ಚಲೇಬೇಕು. ಆದರೆ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂತವರಿಗೆ ತಲೆ ಮೇಲಿನ ಕಂಬಿಗೆ ಬಡಿಯುತ್ತದೆ, ಮಂಡಿ ಎದುರಿನವರ ಮಂಡಿಗೆ ತಾಗುತ್ತದೆ. ಹೊರಗೆ ಎಂಥ ಕಾಡು ಇದೆ ಅಂತ ನೋಡುವ ಪುರುಸೊತ್ತೇ ಸಿಗುವುದಿಲ್ಲ. ನಮ್ಮ ಜೀಪಿನಲ್ಲಿ ಜನ ಜಾಸ್ತಿಯೇ ಇದ್ದರು. ಬಾಡಿಗೆ ಜೀಪಿಗೆ ಇಷ್ಟು ಅಂತ ಇರುವುದರಿಂದ, ಹಂಚಿಕೊಂಡು ಹೋಗುವಾಗ ಎಷ್ಟು ಜನ ಹತ್ತುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಸೊಂಟ ನೋವು, ಕತ್ತು ನೋವು ಇರುವವರು ಮುಂದಿನ ಸೀಟು ಕೇಳಿ ತೆಗೆದುಕೊಳ್ಳಿ. ನಾನು ಅಮ್ಮನಿಗೆ ಅದನ್ನು ಕೇಳಬೇಕಿತ್ತು.

ಜೀಪು ನಿಲ್ಲುವುದು ಮೂಲಸ್ಥಾನದ ಹತ್ತಿರ. ಅಲ್ಲಿ ಹಳೆಯ ದೇವಸ್ಥಾನ, ಅದರ ಎದುರು ಸುಮಾರು 40 ಅಡಿಯ ಕಬ್ಬಿಣದ ಕಂಬ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ತಿಂಗಳು ಕಡಲ ಕಡೆಯಿಂದ ಗಾಳಿ. ಇಷ್ಟನ್ನೂ ತಡೆದುಕೊಂಡು ಅದು ನಿಂತಿದೆ. ಜೀಪಿನಿಂದ ಇಳಿದ ಹೆಚ್ಚಿನವರು ಅದರ ಕಡೆ ತಿರುಗಿಯೂ ನೋಡದೆ ಮೇಲಕ್ಕೆ ಓಡುತ್ತಾರೆ. ನೀವು ಐದು ನಿಮಿಷ ನಿಲ್ಲಿ. ಸರ್ವಜ್ಞಪೀಠಕ್ಕೆ ಇಲ್ಲಿಂದ ನಡೆದೇ ಹೋಗಬೇಕು. ದೂರ ಕಡಿಮೆ, ಏರು ಜಾಸ್ತಿ. ಅಂದರೆ ಜೀಪಿದ್ದರೂ ಕೊಡಚಾದ್ರಿ ಕಾಲಿಗೆ ಕೆಲಸ ಕೊಟ್ಟೇ ಕೊಡುತ್ತದೆ. ಮನೆಯ ಹಿರಿಯರಿಗೆ ಇದನ್ನು ಹೇಳದೆ ಕರೆದುಕೊಂಡು ಹೋಗಬೇಡಿ.

ಎರಡನೇ ಸಲ ನಾವು ಹಿಡ್ಲುಮನೆ ಜಲಪಾತದ ಕಡೆಯಿಂದ ನಡೆದು ಹತ್ತಿದೆವು. ನಾನು, ಅಕ್ಕ, ಭಾವ, ಹದಿಮೂರು ವರ್ಷದ ಅವರ ಮಗಳು, ದಾರಿ ಗೊತ್ತಿದ್ದ ಊರಿನವರೊಬ್ಬರು. ಅದೇ ಗುಡ್ಡ ಬೇರೆಯೇ ಗುಡ್ಡವಾಗಿ ಕಂಡಿತು! ಮೊದಲು ದಟ್ಟ ಕಾಡು. ಕೆಳಗೆ ಒದ್ದೆ ಎಲೆಯ ವಾಸನೆ, ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು. ಆಮೇಲೆ ಜಲಪಾತದ ಪಕ್ಕದಲ್ಲೇ ಬಂಡೆ, ಬೇರು ಹಿಡಿದು ಹತ್ತುವ ದಾರಿ. ಇಲ್ಲಿ ಕೈ ಎರಡೂ ಖಾಲಿ ಇರಬೇಕು. ನೀರಿನ ಬಾಟಲಿಯನ್ನೂ ಬೆನ್ನಿನ ಚೀಲದಲ್ಲೇ ಇಡಿ. ಅದನ್ನು ದಾಟಿದರೆ ಥಟ್ಟನೆ ಮರಗಳು ಮುಗಿದು ಹುಲ್ಲಿನ ಬ್ಯಾಣ ಶುರುವಾಗುತ್ತದೆ. ಗುಡ್ಡದ ಬೋಳು ಬೆನ್ನಿನ ತುಂಬ ಹುಲ್ಲು, ಎರಡು ಗುಡ್ಡ ಕೂಡುವ ಮಡಿಲಿನಲ್ಲಿ ಮಾತ್ರ ಗುಂಪಾಗಿ ಮರಗಳು. ಇದನ್ನೇ ಶೋಲಾ ಕಾಡು ಅನ್ನುತ್ತಾರೆ. ಆ ಮರಗಳು ಎತ್ತರ ಬೆಳೆಯುವುದಿಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವೇ ಬಿಡುವುದು ಈ ಹುಲ್ಲು ಮತ್ತು ಶೋಲಾ ಎರಡೂ ಸೇರಿ. ನಾವು ಡಿಸೆಂಬರಿನಲ್ಲಿ ಹೋದಾಗಲೂ ಆ ಮಡಿಲಿನಿಂದ ಸಣ್ಣ ತೊರೆ ಹರಿಯುತ್ತಿತ್ತು. ಅಕ್ಕನ ಮಗಳು ಬೊಗಸೆಯಲ್ಲಿ ಹಿಡಿದು ಮುಖ ತೊಳೆದುಕೊಂಡಳು.

ಮೇಲೆ ಮುಟ್ಟಲು ನಮಗೆ ನಾಲ್ಕು ತಾಸು ಹಿಡಿಯಿತು. ಸರ್ವಜ್ಞಪೀಠ ಅಂದರೆ ಒಂದು ಪುಟ್ಟ ಕಲ್ಲಿನ ಮಂಟಪ, ಅಷ್ಟೇ. ಆದಿ ಶಂಕರರು ಇಲ್ಲಿ ತಪಸ್ಸು ಮಾಡಿದರು ಅನ್ನುವುದು ನಂಬಿಕೆ. ಪಶ್ಚಿಮಕ್ಕೆ ಗುಡ್ಡ ಒಮ್ಮೆಲೇ ಕೆಳಗಿಳಿಯುತ್ತದೆ. ಆಕಾಶ ಶುಭ್ರವಾಗಿದ್ದರೆ ದೂರದಲ್ಲಿ ಅರಬ್ಬಿ ಸಮುದ್ರ ಒಂದು ಬೆಳ್ಳಿ ಗೆರೆಯ ಹಾಗೆ ಕಾಣುತ್ತದೆ. ನಮಗೆ ಕಂಡಿತು. ಜೀಪಿನಲ್ಲಿ ಬಂದ ದಿನ ಮಂಜು ಮುಚ್ಚಿತ್ತು. ಚಿತ್ರಮೂಲದ ಗುಹೆಗೆ ಇಳಿಯುವ ಆಸೆ ಇತ್ತು, ಆದರೆ ಆ ಇಳಿಜಾರು ಕಡಿದಾದದ್ದು, ಹೊತ್ತೂ ಆಗಿತ್ತು, ಬಿಟ್ಟೆವು. ಇಳಿಯುವಾಗ ಜೀಪಿನ ದಾರಿ ಹಿಡಿದೆವು. ಕೊಡಚಾದ್ರಿಗೆ ನನ್ನ ಅಂಕ ಯಾವತ್ತೂ ಎರಡು: ನಡೆದು ಹತ್ತಿದರೆ ಮೂರರಲ್ಲಿ ಇದೇ ಮೊದಲನೆಯದು, ಜೀಪಿನಲ್ಲಾದರೆ ಇದೇ ಕೊನೆಯದು.

ಈಗ ಕವಲೇದುರ್ಗ. ತೀರ್ಥಹಳ್ಳಿಯಿಂದ ಹದಿನೆಂಟು ಕಿಲೋಮೀಟರ್ ಆಸುಪಾಸು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯೇ ಒಂದು ಸೊಗಸು. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಪಕ್ಕದಲ್ಲೇ ತುಂಗೆ. ಕೊಡಚಾದ್ರಿಯ ದಾರಿಗಿಂತ ಇದು ಹತ್ತಿರ, ರಸ್ತೆಯೂ ವಾಸಿ. ಗಾಡಿ ನಿಲ್ಲಿಸಿ ಗದ್ದೆಯ ಬದಿಯಲ್ಲಿ ನಡೆದರೆ ಕಲ್ಲು ಹಾಸಿದ ಕಾಲುದಾರಿ ಶುರು. ಸ್ವಲ್ಪ ಏರಿದ ಮೇಲೆ ಮೊದಲ ಸುತ್ತಿನ ಬಾಗಿಲು ಎದುರಾಗುತ್ತದೆ.

ಕೆಳದಿ ನಾಯಕರು 1499ರಿಂದ 1763ರವರೆಗೆ ಈ ನಾಡನ್ನು ಆಳಿದರು. ಕೊಡಚಾದ್ರಿಗೆ ಹೋಗುವಾಗ ಸಿಗುವ ನಗರ ಎಂಬ ಊರೇ ಅವರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದುಕೊಂಡ. ಭುವನಗಿರಿದುರ್ಗ ಎಂಬ ಹೆಸರೂ ಇರುವ ಈ ಕವಲೇದುರ್ಗ ಅವರ ಗಟ್ಟಿ ಕೋಟೆಗಳಲ್ಲಿ ಒಂದು. ಗುಡ್ಡದ ಮೈ ಹೇಗೆ ಬಳುಕಿದೆಯೋ ಹಾಗೆಯೇ ಮೂರು ಸುತ್ತು ಗೋಡೆ ಎಬ್ಬಿಸಿದ್ದಾರೆ. ಒಂದೊಂದು ಕಲ್ಲೂ ಆಳೆತ್ತರ. ಬಾಗಿಲಿನ ಎರಡೂ ಕಡೆ ಕಾವಲುಗಾರರ ಕೋಣೆ. ಬಿಸಿಲಿನಲ್ಲಿ ಹತ್ತಿ ಬಂದು ಆ ಕೋಣೆಯೊಳಗೆ ಕೂತರೆ ಕಲ್ಲು ಈಗಲೂ ತಣ್ಣಗಿದೆ. ಒಂದೊಂದು ಸುತ್ತು ದಾಟಿದ ಮೇಲೂ ಕೂರಲು ಜಾಗ, ನೆರಳು, ನೋಡಲು ಏನಾದರೊಂದು ಸಿಗುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಇದು ಒಗ್ಗುವುದು ಇದೇ ಕಾರಣಕ್ಕೆ. ಕೊಡಚಾದ್ರಿಯಲ್ಲಿ ಪೂರ್ತಿ ಹತ್ತಿದವರಿಗೆ ಮಾತ್ರ ಪೀಠ. ಇಲ್ಲಿ ಅರ್ಧಕ್ಕೆ ನಿಂತವರೂ ಕೋಟೆ ನೋಡಿಯೇ ಬರುತ್ತಾರೆ.

ಅಮ್ಮನನ್ನು ಇಲ್ಲಿಗೆ ಜನವರಿಯಲ್ಲಿ ಕರೆದುಕೊಂಡು ಹೋದೆ. ಒಂದು ಕೋಲು ಹಿಡಿದು, ಪ್ರತಿ ಬಾಗಿಲಲ್ಲೂ ಕೂತು, ಒಂದೂವರೆ ತಾಸಿನಲ್ಲಿ ಅರಮನೆಯ ಜಾಗದವರೆಗೂ ಬಂದಳು. ಅಲ್ಲಿ ಉತ್ಖನನ ಮಾಡಿ ತೆಗೆದ ಅರಮನೆಯ ತಳಪಾಯ ಇದೆ. ಜಗಲಿ, ಪೂಜೆಯ ಕೋಣೆ, ನೀರು ಹರಿದು ಬರುವ ಕಾಲುವೆ, ಬಚ್ಚಲು. ಅಡುಗೆಮನೆಯಲ್ಲಿ ಐದು ಕಡೆ ಉರಿಯುವ ಕಲ್ಲಿನ ಒಲೆ. ಅಮ್ಮ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾವ ಬಾಯಿಗೆ ಸೌದೆ, ಯಾವುದರ ಮೇಲೆ ಅನ್ನದ ಚರಿಗೆ ಅಂತ ತಾನೇ ಲೆಕ್ಕ ಹಾಕಿದಳು. ನೀರು ಆಚೆ ಹೋಗುವ ತೂತನ್ನೂ ಹುಡುಕಿದಳು. ನಾನು ಎರಡು ಸಲ ಬಂದರೂ ಅದನ್ನು ಗಮನಿಸಿರಲಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಮುಖ ಮಾಡಿದ ಶ್ರೀಕಂಠೇಶ್ವರ ದೇವಸ್ಥಾನ. ಇನ್ನೂ ಮೇಲೆ ಬಂಡೆ ಏರಿದರೆ ಸುತ್ತಲೂ ಗುಡ್ಡಸಾಲು, ನಡುನಡುವೆ ಹಿನ್ನೀರಿನ ಹೊಳಪು.

ಒಂದು ಎಚ್ಚರಿಕೆ. ಅಕ್ಟೋಬರಿನಲ್ಲಿ ಮಳೆ ಇನ್ನೂ ಬಿಟ್ಟಿರದ ದಿನ ಬಂದಾಗ ಆ ಹಾಸುಗಲ್ಲಿನ ಮೇಲೆ ಹಾವಸೆ ಕಟ್ಟಿ ಎಣ್ಣೆ ಸವರಿದ ಹಾಗಿತ್ತು. ನನ್ನ ಗೆಳತಿ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು. ಹತ್ತುವಾಗ ಅಲ್ಲ, ಇಳಿಯುವಾಗ. ಹೊಸ ಬೂಟಿಗಿಂತ ಅಡಿಯಲ್ಲಿ ಹಿಡಿತ ಇರುವ ಹಳೆಯ ರಬ್ಬರ್ ಚಪ್ಪಲಿಯೇ ಆ ಕಲ್ಲಿಗೆ ವಾಸಿ ಅಂತ ಊರಿನವರು ಹೇಳಿದರು. ಅವರು ಅದನ್ನೇ ಹಾಕಿ ಸರಸರ ನಡೆಯುತ್ತಿದ್ದರು.

ಕುಂದಾದ್ರಿಯ ಬಗ್ಗೆ ಹೇಳುವುದು ಕಡಿಮೆ. 826 ಮೀಟರ್, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಗುಡ್ಡೇಕೇರಿಯ ಹತ್ತಿರ ತಿರುಗಬೇಕು. ಗುಡ್ಡ ಅನ್ನುವುದಕ್ಕಿಂತ ಒಂದೇ ದೊಡ್ಡ ಬಂಡೆ ಅನ್ನಬಹುದು. ಮೇಲಿನವರೆಗೂ ಟಾರು ರಸ್ತೆ ಇದೆ, ಕಡಿದಾದ ತಿರುವುಗಳು, ಕೊನೆಗೆ ಒಂದಷ್ಟು ಮೆಟ್ಟಿಲು. ಜೈನ ಆಚಾರ್ಯ ಕುಂದಕುಂದರು ತಪಸ್ಸು ಮಾಡಿದ ಜಾಗ ಅಂತ ಈ ಹೆಸರು. ತುದಿಯಲ್ಲಿ 17ನೇ ಶತಮಾನದ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಮಡಿಲಿನ ಕೊಳ. ಮಕರ ಸಂಕ್ರಾಂತಿಯ ದಿನ ಜೈನ ಭಕ್ತರು ತುಂಬ ಬರುತ್ತಾರೆ. ಚಾರಣ ಮಾಡಬೇಕು ಅಂತ ಬಂದವರಿಗೆ ಇದು ಸಾಲದು. ಆದರೆ ಬೆಳಿಗ್ಗೆ ಆರೂವರೆಗೆ ಆ ಬಂಡೆಯ ಮೇಲೆ ನಿಂತರೆ ಮಂಜು ಕಾಲ ಕೆಳಗೆ ಹರಿಯುತ್ತಿರುತ್ತದೆ. ಅಡಿಕೆ ತೋಟ, ಗದ್ದೆ, ಹೆಂಚಿನ ಮನೆ ಒಂದೊಂದಾಗಿ ಅದರಿಂದ ಹೊರಗೆ ಬರುತ್ತವೆ. ಅಂಥ ನೋಟ ಉಳಿದೆರಡು ಕಡೆ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಹತ್ತು ಗಂಟೆಗೆ ಹೋದರೆ ಬರೀ ಬಿಸಿಲು, ಕಾದ ಕಲ್ಲು. ಬೆಳಿಗ್ಗೆ ಕುಂದಾದ್ರಿ, ಸಂಜೆ ಆಗುಂಬೆಯ ಸೂರ್ಯಾಸ್ತ ಅಂತ ಇಟ್ಟುಕೊಂಡರೆ ಹಿರಿಯರಿಗೂ ದಿನ ತುಂಬುತ್ತದೆ.

ಊಟ, ನೀರಿನ ವಿಷಯ. ಕವಲೇದುರ್ಗ, ಕುಂದಾದ್ರಿ ಎರಡರ ಮೇಲೂ ನಮಗೆ ತಿನ್ನಲು ಏನೂ ಸಿಗಲಿಲ್ಲ. ತೀರ್ಥಹಳ್ಳಿಯಲ್ಲೇ ತಿಂಡಿ ಮುಗಿಸಿ, ಚಿತ್ರಾನ್ನವೋ ಮೊಸರನ್ನವೋ ಕಟ್ಟಿಕೊಳ್ಳಿ. ಕೊಡಚಾದ್ರಿಯಲ್ಲಿ ಮೂಲಸ್ಥಾನದ ಹತ್ತಿರ ಮೊದಲೇ ಹೇಳಿದರೆ ಅರ್ಚಕರ ಮನೆಯಲ್ಲಿ ಊಟ ಸಿಗುತ್ತದೆ. ಕಟ್ಟಿಕೊಂಡು ಹೋದ ಪ್ಲಾಸ್ಟಿಕ್ಕನ್ನು ದಯವಿಟ್ಟು ವಾಪಸು ತನ್ನಿ. ಕವಲೇದುರ್ಗದ ಕೊಳದಲ್ಲಿ ತೇಲುವ ಚಿಪ್ಸ್ ಪೊಟ್ಟಣ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಹೊರಗಿನಿಂದ ಬರುವವರು ಎಲ್ಲರೂ ಇಂಬಳ, ಅಂದರೆ ಜಿಗಣೆಯ ಬಗ್ಗೆಯೇ ಕೇಳುತ್ತಾರೆ. ಮಳೆಗಾಲದಲ್ಲಿ ಹಿಡ್ಲುಮನೆ ದಾರಿಯಲ್ಲಿ ಇಂಬಳ ಕಾಲು ತುಂಬ ಹತ್ತುತ್ತದೆ, ಕವಲೇದುರ್ಗದಲ್ಲಿ ಅದಕ್ಕಿಂತ ಕಡಿಮೆ, ಕುಂದಾದ್ರಿಯ ಬಂಡೆಯ ಮೇಲೆ ಇಲ್ಲವೇ ಇಲ್ಲ ಅನ್ನಬಹುದು. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಹೆದರಬೇಡಿ. ನಾನು ಹೆಚ್ಚು ಹೆದರುವುದು ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. ಡಿಸೆಂಬರ್ ಕಳೆದು ಕಾಡು ಒಣಗಿದ ಮೇಲೆ ಅವು ಜಾಸ್ತಿ. ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಬೇಸಿಗೆಯಲ್ಲಿ ಉದ್ದ ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸಿಕ್ಕಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕಿದರೆ ಹಚ್ಚಿಕೊಳ್ಳಿ. ಒಣಗಿದ ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಗುಡ್ಡಕ್ಕೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ.

ತಿಂಗಳಿನ ಮಾತು ಹೇಳುವುದಾದರೆ ಮೂರಕ್ಕೂ ನನ್ನ ಆಯ್ಕೆ ನವೆಂಬರ್, ಡಿಸೆಂಬರ್. ಹುಲ್ಲಿನಲ್ಲಿ ಹಸಿರು ಇನ್ನೂ ಇರುತ್ತದೆ, ತೊರೆಯಲ್ಲಿ ನೀರಿರುತ್ತದೆ, ಕಲ್ಲು ಒಣಗಿರುತ್ತದೆ. ಜೋರು ಮಳೆಯ ತಿಂಗಳಲ್ಲಿ ಹಿಡ್ಲುಮನೆ ದಾರಿಯ ಆಸೆ ಬಿಡಿ. ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸಿಕೊಳ್ಳುವುದು ಯಾವತ್ತೂ ಒಳ್ಳೆಯದು.

ಹಾಗಾಗಿ ನೆಂಟರು ಈಗ ಕೇಳಿದರೆ ನಾನು ತಿರುಗಿ ಕೇಳುತ್ತೇನೆ, ಯಾರು ಯಾರು ಬರುತ್ತೀರಿ ಅಂತ. ಮೊದಲ ಸಲ ಬರುವವರು, ಮಕ್ಕಳಿರುವವರು ಕವಲೇದುರ್ಗಕ್ಕೆ. ಮಂಡಿ ನೋವಿನವರು, ಕೈಗೂಸು ಇರುವವರು ಬೆಳಗಿನ ಕುಂದಾದ್ರಿಗೆ. ದಿನಕ್ಕೆ ಏಳೆಂಟು ತಾಸು ನಡೆಯಬಲ್ಲವರು ಕೊಡಚಾದ್ರಿಗೆ, ಅದೂ ನಡೆದುಕೊಂಡೇ, ದಾರಿ ಗೊತ್ತಿರುವವರ ಜೊತೆಗೆ.

ಅಮ್ಮನ ಪೀಠದ ದರ್ಶನ ಮಾತ್ರ ಬಾಕಿ ಇದೆ. ಕವಲೇದುರ್ಗ ಹತ್ತಿದ ಮೇಲೆ ಅವಳಿಗೆ ಧೈರ್ಯ ಬಂದಿದೆ, ತಾನೇ ತಾರೀಖು ಕೇಳುತ್ತಿದ್ದಾಳೆ. ಈ ಸಲ ಜೀಪಿನ ಮುಂದಿನ ಸೀಟನ್ನು ಮೊದಲೇ ಹೇಳಿ ಇಡಿಸುತ್ತೇನೆ. ಮಧ್ಯಾಹ್ನ ಮೇಲೆ ಹೋಗಿ, ರಾತ್ರಿ ಮೂಲಸ್ಥಾನದ ಹತ್ತಿರವೇ ಉಳಿದು, ಬೆಳಿಗ್ಗೆ ಬಿಸಿಲೇರುವ ಮೊದಲು ಕೋಲು ಹಿಡಿದು ಹೊರಡುವುದು ಅಂತ ಮಾತಾಗಿದೆ. ಕಂಬಳಿ ಮರೆಯಬೇಡ, ಮೇಲೆ ಚಳಿ ಅಂತ ಅವಳೇ ನನಗೆ ನೆನಪಿಸಿದ್ದಾಳೆ.