ಹತ್ತು ಚೆಸ್ ಕಾಯಿ, ಒಂದು ಪುಸ್ತಕ: ಕಡಿಮೆ ಖರ್ಚಿನಲ್ಲಿ ಫ್ರಾಸ್ಟ್‌ಗ್ರೇವ್

ಗೆಳೆಯರಿಗೆ ಹೊಸ ಮಿನಿಯೇಚರ್ ಆಟ (ಮೇಜಿನ ಮೇಲೆ ಪುಟ್ಟ ಗೊಂಬೆಗಳ ತಂಡ ನಡೆಸಿ ಆಡುವ ಕಾಳಗ) ಕಲಿಸಬೇಕು, ಆದರೆ ದುಡ್ಡು ಜಾಸ್ತಿ ಹಾಕೋಕೆ ಆಗಲ್ಲ ಅನ್ನುವವರಿಗೆ ನಾನು ಹೇಳುವುದು ಒಂದೇ ಹೆಸರು: ಫ್ರಾಸ್ಟ್‌ಗ್ರೇವ್, ಎರಡನೇ ಆವೃತ್ತಿ. ಬರೆದವರು ಜೋಸೆಫ್ ಮೆಕಲ್ಲೋ, ಪ್ರಕಟಿಸಿದ್ದು ಇಂಗ್ಲೆಂಡಿನ ಆಸ್ಪ್ರೇ. ಮೊದಲ ಆವೃತ್ತಿ 2015ರಲ್ಲಿ ಬಂತು, ಎರಡನೆಯದು 2020ರಲ್ಲಿ. ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಇದನ್ನು ಆಡುತ್ತಿದ್ದೇವೆ. ನಮ್ಮ ಗುಂಪಿನಲ್ಲಿ ಯಾರೂ ಇದಕ್ಕೆ ಮೊದಲು ಇಂಥ ಆಟ ನೋಡಿದವರಲ್ಲ. ಭಾವಮೈದುನ ಚೆಸ್ ಆಡುತ್ತಾನೆ, ಜೊತೆಗೆ ಕೆಲಸ ಮಾಡುವ ಗೆಳತಿ ಇಸ್ಪೀಟಿನಲ್ಲಿ ಗಟ್ಟಿ, ಅವಳ ಅಣ್ಣನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಲೋಕವಿಲ್ಲ.

ಕಥೆ ಸರಳ. ಸಾವಿರ ವರ್ಷ ಹಿಮದಡಿ ಹೂತುಹೋಗಿದ್ದ ಒಂದು ಮಾಂತ್ರಿಕರ ನಗರ ಈಗ ಕರಗುತ್ತಿದೆ. ಒಳಗೆ ನಿಧಿಯಿದೆ, ಹಳೆಯ ಮಂತ್ರದ ಪುಸ್ತಕಗಳಿವೆ. ನೀವೊಬ್ಬ ಮಾಂತ್ರಿಕ. ನಿಮ್ಮ ಶಿಷ್ಯನನ್ನೂ ಕೂಲಿಯ ಬಂಟರನ್ನೂ ಕಟ್ಟಿಕೊಂಡು ಹೋಗಿ ಸಿಕ್ಕಿದ್ದನ್ನು ಬಾಚಿಕೊಂಡು ಬರಬೇಕು. ಎದುರಿನವನೂ ಅದಕ್ಕೇ ಬಂದಿದ್ದಾನೆ.

ಖರ್ಚು ಉಳಿಯುವುದು ಇಲ್ಲಿ: ನಿಯಮದ ಪುಸ್ತಕ ಒಬ್ಬರ ಹತ್ತಿರ ಇದ್ದರೆ ಸಾಕು, ಗೊಂಬೆ ಇಂಥದ್ದೇ ಆಗಬೇಕು ಅಂತ ಆಟ ಹಟ ಹಿಡಿಯುವುದಿಲ್ಲ. ಒಂದು ತಂಡದಲ್ಲಿ ಹೆಚ್ಚೆಂದರೆ ಹತ್ತು ಜನ: ಮಾಂತ್ರಿಕ, ಶಿಷ್ಯ, ಎಂಟು ಬಂಟರು. ಈಗ ಮನೆಯ ಚೆಸ್ ಪೆಟ್ಟಿಗೆ ತೆಗೆದು ನೋಡಿ. ಒಂದು ಬಣ್ಣದಲ್ಲಿ ರಾಜ, ರಾಣಿ, ಎಂಟು ಪದಾತಿ. ಸರಿಯಾಗಿ ಹತ್ತು! ರಾಜನೇ ಮಾಂತ್ರಿಕ, ರಾಣಿಯೇ ಶಿಷ್ಯೆ. ಎಂಟು ಬಂಟರಲ್ಲಿ ನಾಲ್ವರವರೆಗೆ ಪಳಗಿದವರನ್ನು ಸೇರಿಸಿಕೊಳ್ಳಬಹುದು ಅನ್ನುತ್ತದೆ ನಿಯಮ. ಅಂಥವರಿಗೆ ಕುದುರೆ, ಒಂಟೆ, ಆನೆಗಳಿವೆ. ಒಂದು ಚೆಸ್ ಸೆಟ್ಟಿನಲ್ಲಿ ಎರಡು ತಂಡ ಸಿದ್ಧವಾಯಿತು, ಒಂದು ಪೈಸೆ ಖರ್ಚಿಲ್ಲದೆ. ಯಾರು ಯಾವ ಬಂಟ ಅಂತ ಗುರುತು ಸಿಗಲು ತಳಕ್ಕೆ ಬಣ್ಣದ ಚುಕ್ಕಿ ಸ್ಟಿಕರ್ ಅಂಟಿಸಿದೆ. ಮೂರನೆಯವರು ಬಂದಾಗ ಚನ್ನಪಟ್ಟಣದ ಪುಟ್ಟ ಮರದ ಗೊಂಬೆಗಳನ್ನು ಇಳಿಸಿದೆವು. ಅರಗಿನ ಬಣ್ಣದ ಆ ಕೆಂಪು, ಹಳದಿ ಗೊಂಬೆಗಳು ಬಿಳಿ ಹಿಮದ ಮೇಲೆ ಎಷ್ಟು ಚೆನ್ನಾಗಿ ಕಂಡವು ಅಂದರೆ, ಈಗ ಎಲ್ಲರಿಗೂ ಅವೇ ಬೇಕು.

ಪುಸ್ತಕ ಬಿಟ್ಟು ನಾನು ಕೊಂಡದ್ದು ಇಪ್ಪತ್ತು ಮುಖದ ದಾಳಗಳನ್ನು ಮಾತ್ರ, ತಲೆಗೊಂದು. ಅಳತೆಗೆ ಟೈಲರ್ ಟೇಪು, ಯಾಕೆಂದರೆ ಆಟ ಇಂಚಿನ ಲೆಕ್ಕದಲ್ಲಿ ನಡೆಯುತ್ತದೆ. ಜಾಗ ಮೂರಡಿ ಉದ್ದ, ಮೂರಡಿ ಅಗಲ ಇದ್ದರೆ ಆಯಿತು. ಬೂದು ಬಣ್ಣದ ಬೆಡ್‌ಶೀಟ್ ಹಾಸಿ ನಾಲ್ಕು ಮೂಲೆಗೆ ಟೇಪು ಅಂಟಿಸಿದರೆ ಆ ಅಳತೆ ಸಿಕ್ಕಿತು.

ಉಳಿದದ್ದು ಪಾಳುಬಿದ್ದ ನಗರ. ಇದರಲ್ಲಿ ಮಾತ್ರ ಜಿಪುಣತನ ಬೇಡ. ದುಡ್ಡಿನ ಮಾತಲ್ಲ, ಸಂಖ್ಯೆಯ ಮಾತು. ಬಿಲ್ಲಿನ ಬಾಣ 24 ಇಂಚು ಹೋಗುತ್ತದೆ. ಮೇಜು ಬೋಳಾಗಿದ್ದರೆ ಬಿಲ್ಲುಗಾರರು ನಿಂತಲ್ಲೇ ಎಲ್ಲರನ್ನೂ ಮುಗಿಸುತ್ತಾರೆ, ಹೊಸಬರು ಮೊದಲ ದಿನವೇ ಬೇಸರಪಟ್ಟು ಎದ್ದುಹೋಗುತ್ತಾರೆ. ಗೋಡೆ, ಕಂಬ, ಮೆಟ್ಟಿಲು, ಮುರಿದ ಗೋಪುರ ಎಲ್ಲವೂ ಒತ್ತೊತ್ತಾಗಿ ಇರಲಿ. ಮೇಜಿನ ಒಂದು ಅಂಚಿನಿಂದ ಇನ್ನೊಂದು ಅಂಚು ಎಲ್ಲೂ ನೇರವಾಗಿ ಕಾಣಬಾರದು. ಟಿವಿ, ಮಿಕ್ಸಿ ಡಬ್ಬಿಗಳಲ್ಲಿ ಬರುವ ಥರ್ಮಾಕೋಲ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ತಗ್ಗು, ಉಬ್ಬುಗಳೇ ಕಿಟಕಿ, ಕಮಾನುಗಳಾಗುತ್ತವೆ. ಮೇಲ್ಭಾಗವನ್ನು ಬಿಳಿಯಾಗಿಯೇ ಬಿಟ್ಟರೆ ಹಿಮ ಬಿದ್ದ ಹಾಗಿರುತ್ತದೆ. ಪಕ್ಕಗಳಿಗೆ ಮಾತ್ರ ಬೂದು ಪೋಸ್ಟರ್ ಬಣ್ಣ ಹಚ್ಚಿ. ಸ್ಪ್ರೇ ಪೇಂಟ್ ಹತ್ತಿರಕ್ಕೂ ತರಬೇಡಿ, ಅದರಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದೆ. ಫೆವಿಕಾಲ್‌ಗೆ ನೀರು ಬೆರೆಸಿ ಮೊದಲೊಂದು ಕೋಟ್ ಹಚ್ಚಿದರೆ ಪುಡಿ ಉದುರುವುದೂ ಕಡಿಮೆಯಾಗುತ್ತದೆ. ಔಷಧಿ ಡಬ್ಬಿ, ಶೂ ಪೆಟ್ಟಿಗೆಯ ರಟ್ಟು ಕೂಡ ಬಂದವು. ಗೆಳತಿಯ ಅಣ್ಣ ಒಂದು ಭಾನುವಾರ ಇಡೀ ಕೂತು ಗಡಿಯಾರ ಗೋಪುರ ಕಟ್ಟಿದ. ಆಟ ಏನು ಅಂತ ಗೊತ್ತಾಗುವ ಮೊದಲೇ ಅವನು ಆಟದೊಳಗೆ ಬಂದುಬಿಟ್ಟಿದ್ದ.

ಈಗ ಆಟಕ್ಕೆ ಬರೋಣ. ಹೊಡೆದಾಟದಲ್ಲಿ ಇಬ್ಬರೂ ಇಪ್ಪತ್ತು ಮುಖದ ದಾಳ ಹಾಕಿ, ತಮ್ಮ ಕಾದಾಟದ ಅಂಕ ಕೂಡಿಸುತ್ತಾರೆ. ಹೆಚ್ಚು ಬಂದವರು ಗೆದ್ದರು. ಗೆದ್ದವರ ಮೊತ್ತದಿಂದ ಸೋತವರ ಕವಚದ ಅಂಕ ಕಳೆದರೆ ಉಳಿಯುವುದೇ ಪೆಟ್ಟು. ಉದಾಹರಣೆಗೆ ಥಗ್ ಅನ್ನುವ ನಿಮ್ಮ ಸಾದಾ ಬಂಟನ ಕಾದಾಟ 2. ದಾಳ 17 ಬಂದರೆ ಒಟ್ಟು 19. ಎದುರಿಗಿರುವ, ನೈಟ್ ಅನ್ನುವ ಪಳಗಿದ ಬಂಟನ ಕಾದಾಟ 4, ಅವನ ದಾಳ 9, ಒಟ್ಟು 13. ನೀವು ಗೆದ್ದಿರಿ. ಅವನ ಕವಚ 13. ಹತ್ತೊಂಬತ್ತರಲ್ಲಿ ಹದಿಮೂರು ಹೋದರೆ ಆರು. ಅವನ ಪ್ರಾಣದ ಅಂಕ 12, ಅಂದರೆ ಅರ್ಧ ಪ್ರಾಣ ಹೋಯಿತು. ಇಷ್ಟೇ ಲೆಕ್ಕ. ದಾಳಿ ಮಾಡಿದವರೇ ಪೆಟ್ಟು ತಿನ್ನಬಹುದು ಅನ್ನುವುದು ನನಗೆ ತುಂಬ ಇಷ್ಟ. ಎದುರಾಳಿಯ ಸರದಿಯಲ್ಲೂ ನಿಮ್ಮ ಕೈಯಲ್ಲಿ ದಾಳ ಇರುತ್ತದೆ, ಫೋನ್ ನೋಡುತ್ತಾ ಕೂರುವ ಪ್ರಮೇಯವೇ ಬರುವುದಿಲ್ಲ.

ಸರದಿಯನ್ನು ಹಂಚಿರುವ ರೀತಿಯೂ ಹೊಸಬರಿಗೆ ಒಳ್ಳೆಯದು. ಮೊದಲು ಎಲ್ಲರ ಮಾಂತ್ರಿಕರು, ಆಮೇಲೆ ಎಲ್ಲರ ಶಿಷ್ಯರು, ಆಮೇಲೆ ಬಂಟರು, ಕೊನೆಗೆ ಯಾರ ತಂಡಕ್ಕೂ ಸೇರದ ಕಾಡುಪ್ರಾಣಿ, ಪ್ರೇತಗಳು. ಮಾಂತ್ರಿಕನಿಗೆ ಮೂರು ಇಂಚಿನೊಳಗೆ ಇರುವ ಮೂವರು ಬಂಟರು ಅವನ ಜೊತೆಗೇ ಹೊರಡಬಹುದು. ಇದರಿಂದ ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ಯೋಚನೆ ತಾನಾಗಿ ಶುರುವಾಗುತ್ತದೆ. ಭಾವಮೈದುನನಿಗೆ ಚೆಸ್ಸಿನ ಬುದ್ಧಿ ಉಪಯೋಗಕ್ಕೆ ಬಂದದ್ದು ಇಲ್ಲಿಯೇ.

ಮಂತ್ರಗಳದ್ದು ಬೇರೆಯೇ ರುಚಿ. ಹತ್ತು ಪಂಥಗಳು, ಒಂದೊಂದಕ್ಕೆ ಎಂಟು, ಒಟ್ಟು ಎಂಬತ್ತು ಮಂತ್ರಗಳು. ಪ್ರತಿ ಮಂತ್ರಕ್ಕೂ ಒಂದು ಸಂಖ್ಯೆ ಇದೆ, ದಾಳ ಅದನ್ನು ಮುಟ್ಟಬೇಕು. ಮುಟ್ಟದಿದ್ದರೆ ನಿಮ್ಮ ಪ್ರಾಣದ ಅಂಕವನ್ನೇ ಕೊಟ್ಟು ಕೊರತೆ ತುಂಬಬಹುದು. ಎಲಿಮೆಂಟಲ್ ಬೋಲ್ಟ್ ಅನ್ನುವ, ದೂರದಿಂದ ಹೊಡೆಯುವ ಮಂತ್ರಕ್ಕೆ 12 ಬೇಕು. ಬಿದ್ದದ್ದು 10. ಎರಡು ಪ್ರಾಣ ಕೊಡ್ತೀರಾ? ಹದಿನಾಲ್ಕು ಪ್ರಾಣದ ಮಾಂತ್ರಿಕನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಗೆಳತಿ ಪ್ರತಿ ಸಲ ಕೊಡುತ್ತಾಳೆ, ಮತ್ತೆ ನಗುತ್ತಾಳೆ.

ಆದರೆ ಈ ಎಂಬತ್ತನ್ನು ಮೊದಲ ದಿನ ಯಾರ ಮುಂದೂ ಇಡಬೇಡಿ. ಪುಸ್ತಕದ ಪ್ರಕಾರ ಮಾಂತ್ರಿಕನನ್ನು ತಯಾರಿಸುವುದೇ ಮೊದಲ ಕೆಲಸ: ಪಂಥ ಆರಿಸಿ, ಎಂಟು ಮಂತ್ರ ಆರಿಸಿ, 400 ಚಿನ್ನದ ನಾಣ್ಯದಲ್ಲಿ ತಂಡ ಕಟ್ಟಿ. ಒಮ್ಮೆ ಆಡಿದವರಿಗೆ ಅದೊಂದು ಹಬ್ಬ, ಏನೂ ಗೊತ್ತಿಲ್ಲದವರಿಗೆ ಬರೀ ತಲೆನೋವು. ಹಾಗಾಗಿ ನಾನೇ ತಂಡಗಳನ್ನು ಕಟ್ಟಿಟ್ಟೆ. ಮಾಂತ್ರಿಕನಿಗೆ ಮೂರೇ ಮಂತ್ರ: ಒಂದು ಹೊಡೆಯಲು, ಒಂದು ಹಾರಲು, ಒಂದು ನಿಧಿಯನ್ನು ದೂರದಿಂದ ಎಳೆದುಕೊಳ್ಳಲು. ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಪ್ರಾಣಿ, ಪ್ರೇತಗಳನ್ನೂ ಬಿಟ್ಟೆ. ನಿಧಿ ಐದು, ಒಂದು ನಡುವೆ, ಇಬ್ಬರೂ ಎರಡೆರಡು ಇಡುವುದು. ಎತ್ತಿಕೊಂಡವರ ನಡಿಗೆ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಮೇಜಿನ ಅಂಚಿನಾಚೆ ಸಾಗಿಸಿದರೆ ನಿಮ್ಮದು. ನಿಯಮ ಹೇಳಲು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಸಾಕಾಯಿತು.

ಗೆಳೆಯರನ್ನು ಮತ್ತೆ ಕರೆತರುವುದು ಮಾತ್ರ ಮುಂದುವರಿಯುವ ಕಥೆಯೇ. ತಂದ ನಿಧಿ ದುಡ್ಡಾಗುತ್ತದೆ, ಮಾಂತ್ರಿಕ ಬಲಿಯುತ್ತಾನೆ. ಬಿದ್ದ ಬಂಟನಿಗೆ ಆಟ ಮುಗಿದ ಮೇಲೆ ಒಂದು ದಾಳ: ನಾಲ್ಕರೊಳಗೆ ಬಂದರೆ ಸತ್ತ, ಎಂಟರೊಳಗೆ ಬಂದರೆ ಮುಂದಿನ ಆಟ ಆಡುವಂತಿಲ್ಲ, ಎಂಟು ದಾಟಿದರೆ ಬದುಕಿದ. ನಮ್ಮಲ್ಲಿ ಕಪ್ಪು ಪದಾತಿಯೊಬ್ಬನಿಗೆ ಮಾದ ಅಂತ ಹೆಸರಿಟ್ಟಿದ್ದಾರೆ. ಬಿಟ್ಟಿ ಸಿಗುವ ಥಗ್ ಅವನು, ಒಂದು ನಾಣ್ಯವೂ ಬೇಡ. ಪ್ರತಿ ಸಲ ಬೀಳುತ್ತಾನೆ, ಪ್ರತಿ ಸಲ ಎದ್ದು ಬರುತ್ತಾನೆ. ಅವನ ದಾಳ ಉರುಳುವಾಗ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. "ಲೋ, ನನ್ನ ಮಾದನ್ನ ಬಿಟ್ಬಿಡೋ" ಅಂತ ಕ್ರಿಕೆಟ್ ಹುಚ್ಚಿನ ಅಣ್ಣ ಬೇಡಿಕೊಂಡಾಗಲೇ ಈ ಆಟ ಗೆದ್ದಿತು ಅಂತ ನನಗೆ ಅನ್ನಿಸಿತು.

ಕೊರತೆಗಳೂ ಇವೆ. ಇಪ್ಪತ್ತು ಮುಖದ ದಾಳದಲ್ಲಿ ಒಂದೂ ಇಪ್ಪತ್ತೂ ಒಂದೇ ಸಮ ಬೀಳುತ್ತವೆ. ಹಾಗಾಗಿ ಚೆನ್ನಾಗಿ ಯೋಚಿಸಿ ಆಡಿದವರೂ ಒಂದು ಕೆಟ್ಟ ದಾಳಕ್ಕೆ ಸೋಲಬಹುದು. ಭಾವಮೈದುನನಿಗೆ ಇದು ಈಗಲೂ ಸರಿಬರುವುದಿಲ್ಲ, ಅವನ ಮಾತಿನಲ್ಲಿ ನ್ಯಾಯವಿದೆ. ಇನ್ನೊಂದು, ಗೆಲ್ಲುತ್ತಾ ಹೋದವರಿಗೂ ಸೋತವರಿಗೂ ಅಂತರ ಬೆಳೆಯುತ್ತದೆ. ನಾವು ಹಿಂದುಳಿದವರಿಗೆ ಒಬ್ಬ ಪಳಗಿದ ಬಂಟನನ್ನು ಆ ದಿನದ ಮಟ್ಟಿಗೆ ಬಿಟ್ಟಿ ಕೊಡುತ್ತೇವೆ. ಪುಸ್ತಕದಲ್ಲಿ ಇಲ್ಲದ ನಿಯಮ, ಆದರೆ ನಮಗೆ ಒಗ್ಗಿದೆ. ಬರವಣಿಗೆ ಇಂಗ್ಲಿಷಿನಲ್ಲಿದೆ, ಕಷ್ಟದ ಇಂಗ್ಲಿಷಲ್ಲ. ಒಬ್ಬರು ಓದಿ ಹೇಳಿದರೆ ಉಳಿದವರಿಗೆ ಸಾಕು.

ಪುಸ್ತಕಕ್ಕೂ ದುಡ್ಡು ಹಾಕುವುದು ಕಷ್ಟ, ಅಥವಾ ಬಂದೂಕು, ಯಂತ್ರಮಾನವರೇ ಇಷ್ಟ ಅಂದರೆ ವನ್ ಪೇಜ್ ರೂಲ್ಸ್ ಅವರ ನಿಯಮಗಳು ಪುಕ್ಕಟೆ ಸಿಗುತ್ತವೆ, ಮಾಮೂಲಿ ಆರು ಮುಖದ ದಾಳವೇ ಸಾಕು. ಅಲ್ಲಿ ಲೆಕ್ಕ ಚೊಕ್ಕ, ಆದರೆ ಮಾದನಂಥವರು ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ ಅಂತ ನನ್ನ ಅಭಿಪ್ರಾಯ.

ನಿಜವಾದ ಗೊಂಬೆ ಬೇಕೆನಿಸಿದಾಗ ನಾರ್ತ್ ಸ್ಟಾರ್ ಕಂಪನಿಯ ಪ್ಲಾಸ್ಟಿಕ್ ಬಂಟರ ಡಬ್ಬಿ ನೋಡಿ. ಒಂದರಲ್ಲಿ 20 ಗೊಂಬೆ, ಇಬ್ಬರು ಹಂಚಿಕೊಂಡರೆ ಎರಡು ತಂಡ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿದೆ, ಹೊರದೇಶದ ಡಬ್ಬಿ ಇಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಕಾಯಬೇಡಿ. ಗೆಳೆಯರು ತಾವಾಗಿ ಕೇಳುವವರೆಗೆ ಚೆಸ್ ಕಾಯಿಯಲ್ಲೇ ಆಡಿ. ನಮ್ಮಲ್ಲಿ ಇಬ್ಬರು ಈಗ ಕೇಳಿದ್ದಾರೆ, ಮುಂದಿನ ತಿಂಗಳ ಸಂಬಳಕ್ಕೆ ಒಂದು ಡಬ್ಬಿ ತರಿಸುತ್ತೇವೆ.