ನಾಲ್ಕು ಬೋರ್ಡ್, ಒಂದು ಪಂದ್ಯ: ತಂಡ ಚೆಸ್ ನೋಡಲು ಯಾವ ದಾರಿ ಚೆಂದ?

ಕ್ರಿಕೆಟ್ ನೋಡಬೇಕು ಅಂದರೆ ಟಿವಿ ಹಾಕಿದರೆ ಸಾಕು. ರಾಷ್ಟ್ರೀಯ ತಂಡ ಚೆಸ್ ಚಾಂಪಿಯನ್‌ಷಿಪ್ ನೋಡಬೇಕು ಅಂದರೆ ದಾರಿ ನಾವೇ ಹುಡುಕಿಕೊಳ್ಳಬೇಕು. ಪತ್ರಿಕೆಯ ಕ್ರೀಡಾಪುಟದಲ್ಲಿ ಬಂದರೂ ಕೊನೆಯ ದಿನ ನಾಲ್ಕು ಸಾಲು ಮತ್ತು ಕಪ್ ಹಿಡಿದವರ ಫೋಟೊ. ಆ ಕಪ್ ಹೇಗೆ ಬಂತು ಅನ್ನುವುದು ಅಲ್ಲಿ ಸಿಗುವುದಿಲ್ಲ. ಹಾಗಾಗಿ ಧಾರವಾಡದ ನಾನು ಮತ್ತು ನನ್ನ ಚೆಸ್ ಗೆಳೆಯರು ಎಲ್ಲ ದಾರಿಗಳನ್ನೂ ಹಿಡಿದು ನೋಡಿದ್ದೇವೆ. ಫಲಿತಾಂಶದ ತಾಣ, ಮೊಬೈಲಿನಲ್ಲಿ ನೇರ ಬೋರ್ಡ್, ಯೂಟ್ಯೂಬ್ ಕಾಮೆಂಟರಿ, ಆಟದ ಹಾಲ್‌ಗೇ ಹೋಗುವುದು, ಮತ್ತೆ ಮನೆಯಲ್ಲಿ ನಾಲ್ಕು ಬೋರ್ಡ್ ಹರಡಿಕೊಂಡು ಕೂರುವುದು. ಎಲ್ಲವೂ ಒಂದೇ ಥರ ಅಲ್ಲ. ಕೆಲವು ತಂಡದ ಆಟವನ್ನು ತೋರಿಸುತ್ತವೆ, ಕೆಲವು ಮುಚ್ಚಿಬಿಡುತ್ತವೆ.

ತಂಡದ ಆಟ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಇಲ್ಲಿ ಲೆಕ್ಕವೇ ಬೇರೆ. ಒಂದು ತಂಡದಿಂದ ನಾಲ್ವರು, ನಾಲ್ಕು ಬೋರ್ಡ್. ಒಂದು ಬೋರ್ಡ್ ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ. ನಾಲ್ಕರಲ್ಲಿ ಎರಡೂವರೆ ಅಂಕ ಬಂದರೆ ಪಂದ್ಯ ಗೆದ್ದಂತೆ, ತಂಡಕ್ಕೆ 2 ಅಂಕ. ಎರಡು-ಎರಡು ಆದರೆ ಒಂದೊಂದು. 4-0 ಗೆದ್ದರೂ ಅದೇ 2 ಅಂಕ. ಅಂದರೆ ಕೊನೆಯ ಬೋರ್ಡಿನಲ್ಲಿ ಕೂತವನಿಗೆ ಒಮ್ಮೆ ಡ್ರಾ ಚಿನ್ನದಂಥದ್ದು, ಮತ್ತೊಮ್ಮೆ ಡ್ರಾದಿಂದ ಏನೂ ಉಪಯೋಗವಿಲ್ಲ. ಪಕ್ಕದ ಮೂರು ಬೋರ್ಡ್‌ಗಳಲ್ಲಿ ಏನಾಯಿತು ಅನ್ನುವುದರ ಮೇಲೆ ಅದು ನಿಂತಿದೆ. ಈ ಪಕ್ಕದ ಬೋರ್ಡ್ ಕಾಣಿಸದಿದ್ದರೆ ನಾವು ನೋಡುತ್ತಿರುವುದು ತಂಡ ಚೆಸ್ ಅಲ್ಲ, ಸುಮ್ನೆ ನಾಲ್ಕು ಬಿಡಿ ಆಟಗಳು.

ಈ ಕೂಟದಲ್ಲಿ ರಾಜ್ಯಗಳ ತಂಡಗಳ ಜೊತೆ ಸಂಸ್ಥೆಗಳ ತಂಡಗಳೂ ಆಡುತ್ತವೆ. ಇಂಡಿಯನ್ ಆಯಿಲ್, ಒಎನ್‌ಜಿಸಿಯಂಥ ತೈಲ ಕಂಪನಿಗಳ ನೌಕರರು ಪೆಟ್ರೋಲಿಯಂ ಕ್ರೀಡಾ ಮಂಡಳಿಯ ಹೆಸರಿನಲ್ಲಿ, ರೈಲ್ವೆಯವರು ರೈಲ್ವೆ ಹೆಸರಿನಲ್ಲಿ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕ ಆಟಗಾರರು ಅಲ್ಲಿಗೇ ಹೋಗುವುದರಿಂದ ಬಲ ಆ ತಂಡಗಳಲ್ಲೇ ಜಾಸ್ತಿ. ಪೆಟ್ರೋಲಿಯಂ ತಂಡ ಎಷ್ಟೋ ವರ್ಷ ಈ ಕೂಟವನ್ನು ಆಳಿದೆ. ನಮಗೆ ಮಾತ್ರ ರೈಲ್ವೆ ಮೇಲೆ ಮನಸ್ಸು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಗೆಳೆಯರ ಗುಂಪಿನಲ್ಲಿ ಅರ್ಧ ಜನ ಗದಗ ರಸ್ತೆಯ ರೈಲ್ವೆ ಮನೆಗಳಲ್ಲಿ ಬೆಳೆದವರು. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕೂಡ ರೈಲ್ವೆ ಆಟಗಾರರೇ. ಕರ್ನಾಟಕಕ್ಕೂ ರೈಲ್ವೆಗೂ ಪಂದ್ಯ ಬಿದ್ದರೆ ಯಾರ ಕಡೆ ಅನ್ನುವುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಮೊದಲು ಚೆಸ್-ರಿಸಲ್ಟ್ಸ್. ಆಸ್ಟ್ರಿಯಾದ ಹೈಂಜ್ ಹೆರ್ಜೋಗ್ ನಡೆಸುವ ಈ ತಾಣ ನೋಡಲು ಹಳೇ ಕಾಲದ ಸರ್ಕಾರಿ ರಿಜಿಸ್ಟರ್ ಥರ ಇದೆ. ಬರೀ ಪಟ್ಟಿ, ಬರೀ ಅಂಕಿ. ಇದು ನೇರಪ್ರಸಾರಕ್ಕೆ ಮಾಡಿದ ತಾಣವೇ ಅಲ್ಲ. ತೀರ್ಪುಗಾರರು ಫಲಿತಾಂಶ ಏರಿಸಿದ ಮೇಲೆ ನಮಗೆ ಕಾಣುವುದು. ಆದರೂ ತಂಡ ಚೆಸ್‌ನ ಅಭಿಮಾನಿ ಮೊದಲು ಕಲಿಯಬೇಕಾದದ್ದು ಇದನ್ನು ಓದುವುದು. ಬೆಳಿಗ್ಗೆ ಜೋಡಿಗಳ ಪಟ್ಟಿ ಬಂದ ಕೂಡಲೇ ಅರ್ಧ ಕತೆ ಗೊತ್ತಾಗುತ್ತದೆ. ಮೊದಲು ಹೆಸರಿರುವ ತಂಡಕ್ಕೆ ಒಂದು ಮತ್ತು ಮೂರನೇ ಬೋರ್ಡಿನಲ್ಲಿ ಬಿಳಿ ಕಾಯಿ, ಎರಡು ಮತ್ತು ನಾಲ್ಕರಲ್ಲಿ ಕಪ್ಪು. ತಂಡದ ಪಟ್ಟಿಯ ಕ್ರಮ ಕೂಟದ ಶುರುವಿನಲ್ಲೇ ಗಟ್ಟಿಯಾಗಿರುತ್ತದೆ, ಮಧ್ಯದಲ್ಲಿ ಅದಲು ಬದಲು ಮಾಡುವಂತಿಲ್ಲ. ಹಾಗಾಗಿ ಒಬ್ಬರಿಗೆ ವಿಶ್ರಾಂತಿ ಕೊಟ್ಟರೆ ಕೆಳಗಿನವರು ಒಂದೊಂದು ಬೋರ್ಡ್ ಮೇಲೆ ಬರುತ್ತಾರೆ, ಅವರ ಬಣ್ಣವೂ ಬದಲಾಗುತ್ತದೆ. ಎರಡನೇ ಬೋರ್ಡಿನವರನ್ನು ಹೊರಗೆ ಕೂರಿಸಿದರು ಅಂದರೆ ಯಾಕೆ ಅಂತ ಯೋಚಿಸುತ್ತಾ ಅರ್ಧ ಗಂಟೆ ಕಳೆಯಬಹುದು. ಬೇರೆ ಯಾವ ದಾರಿಯೂ ಈ ರುಚಿ ಕೊಡುವುದಿಲ್ಲ. ದುಡ್ಡೂ ಬೇಡ, ಡೇಟಾ ಕೂಡ ತೀರಾ ಕಡಿಮೆ.

ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ. ಸುತ್ತುಗಳು ಸಾಮಾನ್ಯವಾಗಿ ಮಧ್ಯಾಹ್ನ ಶುರುವಾಗುತ್ತವೆ. ನಾನು ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ ಹತ್ತುವ ಹೊತ್ತಿಗೆ ಆಟ ಬಿಸಿ ಏರಿರುತ್ತದೆ. ಆಗ ಲಿಚೆಸ್ ಅನ್ನುವ ಚೆಸ್ ತಾಣದ ನೇರ ಬೋರ್ಡ್‌ಗಳೇ ಗತಿ. ಇದು ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಒಂದೇ ತೆರೆಯಲ್ಲಿ ನಾಲ್ಕೂ ಬೋರ್ಡ್ ಚಿಕ್ಕದಾಗಿ ಕಾಣುತ್ತವೆ, ತಂಡಗಳ ಅಂಕ ಬೇರೆಯಾಗಿ ಸಿಗುತ್ತದೆ. ತಂಡ ಚೆಸ್‌ಗೆ ಬೇಕಾದ್ದು ಇದೇ ಅಲ್ವಾ? ನವನಗರ ದಾಟುವಾಗ ಮೂರನೇ ಬೋರ್ಡಿನಲ್ಲಿ ಆನೆಗಳು ಹೋಗಿರುತ್ತವೆ, ಜುಬಿಲಿ ಸರ್ಕಲ್ ಬರುವಷ್ಟರಲ್ಲಿ ಒಂಟೆ ಮತ್ತು ಪಾನ್‌ಗಳ ಆಟ ಉಳಿದಿರುತ್ತದೆ.

ತೊಂದರೆಗಳೂ ಇವೆ. ನೇರ ಬೋರ್ಡ್ ಅಂದರೆ ಕಾಯಿ ಇಟ್ಟದ್ದನ್ನು ತಾನೇ ಗುರುತಿಸುವ ವಿಶೇಷ ಬೋರ್ಡ್ ಬೇಕು, ಡಿಜಿಟಿ ಅಂತ ಕರೆಯುತ್ತಾರೆ. ಅದು ದುಬಾರಿ. ದೇಶದ ಕೂಟದಲ್ಲಿ ಎಲ್ಲ ಟೇಬಲ್‌ಗೂ ಅದು ಇರುವುದಿಲ್ಲ, ಮೇಲಿನ ಕೆಲವು ಪಂದ್ಯಗಳಿಗೆ ಮಾತ್ರ. ನಿಮ್ಮ ತಂಡ ಕೆಳಗೆ ಜಾರಿದರೆ ತೆರೆಯಿಂದಲೂ ಮಾಯ. ಮೋಸ ತಡೆಯಲು ಅನೇಕ ಕೂಟಗಳಲ್ಲಿ ನಡೆಗಳನ್ನು ಬೇಕೆಂದೇ ತಡವಾಗಿ ಬಿಡುತ್ತಾರೆ, 15 ನಿಮಿಷ ಸಾಮಾನ್ಯ. ಇನ್ನೊಂದು ವಿಚಿತ್ರವನ್ನು ಹೊಸಬರು ತಿಳಿದಿರಬೇಕು. ಆಟ ಮುಗಿದ ಮೇಲೆ ಎರಡು ರಾಜರನ್ನು ಬೋರ್ಡಿನ ನಡುವಿನ ಮನೆಗಳಲ್ಲಿ ಇಡುತ್ತಾರೆ. ಎರಡೂ ಬಿಳಿ ಮನೆಯಲ್ಲಿ ಅಂದರೆ ಬಿಳಿ ಗೆದ್ದಿದೆ, ಎರಡೂ ಕಪ್ಪು ಮನೆಯಲ್ಲಿ ಅಂದರೆ ಕಪ್ಪು ಗೆದ್ದಿದೆ. ಒಂದೊಂದರಲ್ಲಿ ಒಂದೊಂದು ಇದ್ದರೆ ಡ್ರಾ. ಬೋರ್ಡ್ ಇದನ್ನೇ ಓದಿ ಫಲಿತಾಂಶ ಕಳಿಸುತ್ತದೆ. ಕೆಲವೊಮ್ಮೆ ಇದೇ ನಡೆಯಾಗಿ ತೆರೆಗೆ ಬಂದುಬಿಡುತ್ತದೆ. ಮೂಲೆಯಲ್ಲಿದ್ದ ರಾಜ ದಿಢೀರನೆ ನಡುವಿಗೆ ಹಾರಿದರೆ ಗಾಬರಿ ಬೇಡ, ಆಟ ಮುಗಿದಿದೆ.

ನೇರ ಬೋರ್ಡ್‌ನ ನಿಜವಾದ ಅಪಾಯ ಪಕ್ಕದ ಪಟ್ಟಿ. ಕಂಪ್ಯೂಟರ್ ಯಾರು ಎಷ್ಟು ಮೇಲಿದ್ದಾರೆ ಅಂತ ತೋರಿಸುವ ಆ ಬಿಳಿ-ಕಪ್ಪು ಪಟ್ಟಿ ಒಂದು ಬೋರ್ಡನ್ನಷ್ಟೇ ನೋಡುತ್ತದೆ. ತಂಡ 2-1 ಮುಂದಿದೆ, ಕೊನೆಯ ಆಟಗಾರ ಸ್ವಲ್ಪ ಒಳ್ಳೆಯ ಸ್ಥಿತಿಯಲ್ಲೇ ಡ್ರಾ ಒಪ್ಪಿಕೊಂಡ ಅಂದುಕೊಳ್ಳಿ. ಪಟ್ಟಿಯ ಪ್ರಕಾರ ಅವನು ಗೆಲುವು ಬಿಟ್ಟ. ತಂಡದ ಪ್ರಕಾರ ಅವನು ಪಂದ್ಯ ಗೆಲ್ಲಿಸಿದ. ಪಟ್ಟಿ ನೋಡಿ ಆಟಗಾರನನ್ನು ಬೈಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಲಿಚೆಸ್‌ನಲ್ಲಿ ಅದನ್ನು ಮುಚ್ಚಿಡಬಹುದು. ಮುಚ್ಚಿ ನೋಡಿ.

ಯೂಟ್ಯೂಬ್ ಕಾಮೆಂಟರಿ ಬಗ್ಗೆ ನನ್ನ ಮಾತು ಚಿಕ್ಕದು. ರಾಷ್ಟ್ರೀಯ ತಂಡ ಕೂಟಕ್ಕಿಂತ, ದೇಶಗಳ ತಂಡಗಳು ಸೆಣಸುವ ಒಲಿಂಪಿಯಾಡ್‌ಗೆ ಅದು ಒಗ್ಗುತ್ತದೆ. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಭಾರತ ಓಪನ್ ಮತ್ತು ಮಹಿಳಾ ಎರಡೂ ವಿಭಾಗಗಳಲ್ಲಿ ಚಿನ್ನ ಗೆದ್ದಾಗ ಮಾತಿನ ಸಂಭ್ರಮ ಬೇಕೇ ಬೇಕಿತ್ತು. ಚೆಸ್ ಗೊತ್ತಿಲ್ಲದ ನನ್ನ ಅಕ್ಕ ಕೂಡ ಕೂತು ನೋಡಿದಳು. ಆದರೆ ಕ್ಯಾಮೆರಾ ತಾರೆಯ ಹಿಂದೆ ಓಡುತ್ತದೆ. ಹತ್ತನೇ ಸುತ್ತಿನಲ್ಲಿ ಅಮೆರಿಕದ ಮೇಲೆ ನಮ್ಮ ಗೆಲುವು 2.5-1.5. ಗುಕೇಶ್ ಅವರು ಕರುವಾನರನ್ನು ಸೋಲಿಸಿದರು, ಅರ್ಜುನ್ ಎರಿಗೈಸಿ ಡೊಮಿಂಗೆಜ್‌ರನ್ನು ಸೋಲಿಸಿದರು, ಪ್ರಜ್ಞಾನಂದ ಅವರು ವೆಸ್ಲಿ ಸೋ ಎದುರು ಸೋತರು. ಉಳಿದದ್ದು ವಿದಿತ್ ಗುಜರಾತಿ ಅವರು ಅರೋನಿಯನ್ ಎದುರು ಪಡೆದ ಅರ್ಧ ಅಂಕ. ಆ ಅರ್ಧ ಇಲ್ಲದಿದ್ದರೆ ಪಂದ್ಯ ಸಮ. ಮರುದಿನ ಬಸ್ಸಿನಲ್ಲಿ, ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಗುಕೇಶ್, ಅರ್ಜುನ್. ವಿದಿತ್ ಹೆಸರು ಎತ್ತಿದವರನ್ನು ನಾನು ಕಾಣಲಿಲ್ಲ. ಕಾಮೆಂಟರಿ ಮಾತ್ರ ನೋಡಿದವರಿಗೆ ಇದು ಆಗುವಂಥದ್ದೇ.

ಹಾಲ್‌ಗೆ ಹೋಗುವುದು ಬೇರೆಯೇ ಅನುಭವ. 2022ರ ಒಲಿಂಪಿಯಾಡ್‌ಗೆ ರೈಲು ಹಿಡಿದು ಚೆನ್ನೈಗೆ, ಅಲ್ಲಿಂದ ಮಾಮಲ್ಲಪುರಕ್ಕೆ ಹೋಗಿದ್ದೆ. ಖರ್ಚಿನ ದಾರಿ, ರಜೆಯೂ ಬೇಕು. ಮೊಬೈಲ್ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನಿಂತ ಜಾಗದಿಂದ ಎಷ್ಟೋ ಬೋರ್ಡ್ ಕಾಣುವುದಿಲ್ಲ, ಕಾಯಿಗಳ ಸ್ಥಿತಿ ಅರೆಬರೆ. ಆಟ ಅರ್ಥ ಮಾಡಿಕೊಳ್ಳಲು ಇದು ಒಳ್ಳೆಯ ದಾರಿ ಅಲ್ಲವೇ ಅಲ್ಲ. ಆದರೆ ತೆರೆಯಲ್ಲಿ ಎಂದೂ ಕಾಣದ್ದು ಅಲ್ಲಿ ಕಂಡಿತು. ಒಬ್ಬ ಆಟಗಾರ ತನ್ನ ನಡೆ ಇಟ್ಟು, ಗಡಿಯಾರ ಒತ್ತಿ, ಬರೆದುಕೊಂಡು, ಎದ್ದ. ಎರಡು ಹೆಜ್ಜೆ ಇಟ್ಟು ಪಕ್ಕದವನ ಬೋರ್ಡನ್ನು ಕೈಕಟ್ಟಿ ನೋಡಿದ. ಮುಖದಲ್ಲಿ ಏನೂ ಇಲ್ಲ. ಮತ್ತೆ ಬಂದು ಕೂತ ಮೇಲೆ ಅವನ ಕೂರುವ ಭಂಗಿಯೇ ಬದಲಾಗಿತ್ತು, ಮುಂದಕ್ಕೆ ಬಾಗಿ ಎರಡೂ ಕೈ ಕಿವಿಯ ಮೇಲೆ. ಪಕ್ಕದಲ್ಲಿ ತಂಡ ಸೋಲುತ್ತಿದೆ, ಈಗ ತಾನೇ ಗೆಲ್ಲಬೇಕು ಅನ್ನುವುದು ಅವನಿಗೆ ಗೊತ್ತಾಗಿತ್ತು. ಹಿಂದೆ ಕ್ಯಾಪ್ಟನ್ ನಿಂತಿರುತ್ತಾರೆ. ನಿಯಮದ ಪ್ರಕಾರ ಅವರು ಸ್ಥಿತಿಯ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಡ್ರಾ ಕೇಳು, ಡ್ರಾ ಒಪ್ಪಿಕೋ, ಆಟ ಬಿಟ್ಟುಕೊಡು ಅಂತಷ್ಟೇ ಹೇಳಬಹುದು. ಆ ಒಂದು ಮಾತಿಗಾಗಿ ಆಟಗಾರ ತಲೆ ಎತ್ತುವುದನ್ನು ನೋಡಲು ದೂರ ಹೋಗಬಹುದು ಅನ್ನುವುದು ನನ್ನ ಅಭಿಪ್ರಾಯ. ಕೂಟ ನಮ್ಮ ಊರಿನ ಹತ್ತಿರ ಬಂದರೆ ಒಂದು ಸುತ್ತಾದರೂ ನೋಡಿ.

ಇಷ್ಟಾದರೂ ನನಗೆ ಎಲ್ಲಕ್ಕಿಂತ ಹಿಡಿಸಿರುವುದು ಸಪ್ತಾಪುರದ ಗೆಳೆಯನ ಮನೆಯ ಮಹಡಿ. ಉದ್ದನೆಯ ಮೇಜು, ಮೇಲೆ ನಾಲ್ಕು ಬೋರ್ಡ್. ಒಬ್ಬನ ಕೈಯಲ್ಲಿ ಮಾತ್ರ ಮೊಬೈಲ್, ಪಕ್ಕದ ಪಟ್ಟಿ ಮುಚ್ಚಿರಬೇಕು. ಅವನು ನಡೆ ಓದುತ್ತಾನೆ, ನಾವು ಕಾಯಿ ಇಡುತ್ತೇವೆ. ಮುಂದಿನ ನಡೆ ಬರುವವರೆಗೆ ಜಗಳ. ಪದವಿ ಓದುವ ಹುಡುಗರು, ರೈಲ್ವೆಯಿಂದ ನಿವೃತ್ತರಾದ ಹಿರಿಯರು, ಎಲ್ಲರೂ ಒಂದೇ ಮೇಜಿಗೆ. ನಡುವೆ ಗಿರ್ಮಿಟ್, ಮಿರ್ಚಿ, ಚಹಾ. ಎಣ್ಣೆ ಕೈಯಲ್ಲಿ ಕಾಯಿ ಮುಟ್ಟಬಾರದು ಅನ್ನುವ ಒಂದೇ ಕಾನೂನು.

2022ರ ಆಗಸ್ಟ್ 8ರ ಸಂಜೆ ಈ ಮೇಜಿನ ಬೆಲೆ ನನಗೆ ಗೊತ್ತಾಯಿತು. ಮಾಮಲ್ಲಪುರದ ಒಲಿಂಪಿಯಾಡ್‌ನ ಹತ್ತನೇ ಸುತ್ತು, ಭಾರತದ ಎರಡನೇ ತಂಡವಾದ ಭಾರತ ಬಿಗೆ ಉಜ್ಬೇಕಿಸ್ತಾನ ಎದುರು. ಮೊದಲ ಎಂಟು ಆಟ ಸತತ ಗೆದ್ದಿದ್ದ ಗುಕೇಶ್ ಅಬ್ದುಸತ್ತಾರೊವ್ ಎದುರು ಗೆಲ್ಲುವ ಸ್ಥಿತಿಯಲ್ಲಿದ್ದರು. ಗಡಿಯಾರ ಮಾತ್ರ ಓಡುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಒಬ್ಬ ಹುಡುಗ ತನ್ನ ಮೊಬೈಲಿನಲ್ಲಿ ಪಟ್ಟಿ ಹಾಕಿಕೊಂಡೇ ನೋಡುತ್ತಿದ್ದ. ಅವನು “ಅಯ್ಯೋ, ಹೋಯ್ತು” ಅಂದ. ಮೇಜಿನ ಸುತ್ತ ಇದ್ದ ನಮಗೆ ಏನು ಹೋಯಿತು ಅಂತ ತಿಳಿಯಲಿಲ್ಲ. ಹಿರಿಯರೊಬ್ಬರು ಅವನಿಗೆ ಕೈ ಎತ್ತಿ ಸುಮ್ಮನಿರಿಸಿ, ಕಾಯಿಗಳ ಮೇಲೆ ಬಾಗಿದರು. ನಾವೂ ಹುಡುಕಿದೆವು. ಹುಡುಕುತ್ತಾ ಹೋದಂತೆ ಎದುರಾಳಿಯ ಉತ್ತರ ನಮ್ಮ ಕಣ್ಣಿಗೇ ಬಿತ್ತು. ಆ ಹುಡುಗನಿಗೆ ಸೋಲು ಒಂದು ಅಂಕಿಯಾಗಿ ಬಂತು. ನಮಗೆ ಅದು ನಡೆ ನಡೆಯಾಗಿ ಅರ್ಥವಾಯಿತು. ಪ್ರಜ್ಞಾನಂದ ಅವರು ಸಿಂದಾರೊವ್‌ರನ್ನು ಸೋಲಿಸಿದ್ದರಿಂದ ಪಂದ್ಯ 2-2 ಆಯಿತು. ಅದನ್ನು ಇನ್ನೊಂದು ಬೋರ್ಡಿನಲ್ಲಿ ನಾವೇ ಆಡಿ ನೋಡಿದ್ದೆವು. ಭಾರತ ಬಿ ಕೊನೆಗೆ ಕಂಚು ಗೆದ್ದಿತು, ಚಿನ್ನ ಉಜ್ಬೇಕಿಸ್ತಾನಕ್ಕೆ ಹೋಯಿತು. ಉಳಿದ ಎರಡು ಬೋರ್ಡ್‌ಗಳ ಡ್ರಾಗಳಿಗೂ ನಮ್ಮ ಮೇಜಿನಲ್ಲಿ ಅಷ್ಟೇ ಮರ್ಯಾದೆ ಸಿಕ್ಕಿತು.

ಹಾಗಂತ ದಿನವೂ ಮಹಡಿ ಸಿಗುವುದಿಲ್ಲ. ರಾಷ್ಟ್ರೀಯ ತಂಡ ಕೂಟ ಬಂದಾಗ ನಾನು ಮಾಡುವುದು ಇಷ್ಟು. ಬೆಳಿಗ್ಗೆ ಚೆಸ್-ರಿಸಲ್ಟ್ಸ್‌ನಲ್ಲಿ ಜೋಡಿ, ಬಣ್ಣ ನೋಡುತ್ತೇನೆ. ಸಂಜೆ ಬಸ್ಸಿನಲ್ಲಿ ಲಿಚೆಸ್, ಪಟ್ಟಿ ಇಲ್ಲದೆ. ಪೆಟ್ರೋಲಿಯಂ-ರೈಲ್ವೆ ಪಂದ್ಯದ ದಿನ ಮಾತ್ರ ಏನೇ ಆಗಲಿ ಮೇಜು. ಕಾಮೆಂಟರಿಯನ್ನು ಒಲಿಂಪಿಯಾಡ್‌ಗೆ ಉಳಿಸಿಕೊಳ್ಳುತ್ತೇನೆ. ಪೂರ್ತಿ ವರದಿ, ಫೋಟೊ ಬೇಕಾದವರು ಚೆಸ್‌ಬೇಸ್ ಇಂಡಿಯಾ ತಾಣ ನೋಡಬಹುದು, ದೇಶದ ಕೂಟಗಳಿಗೆ ಅವರು ಕೊಡುವ ಜಾಗ ಬೇರೆಡೆ ಸಿಗುವುದು ಕಷ್ಟ.

ಮಹಿಳಾ ತಂಡಗಳ ಪಂದ್ಯ ನೋಡುವವರಿಗೆ ಒಂದು ಮಾತು. ನೇರ ಬೋರ್ಡ್ ಕಡಿಮೆ ಇದ್ದಾಗ ಆಟಗಾರ್ತಿಯ ಹೆಸರು ಹಾಕಿ ಚೆಸ್-ರಿಸಲ್ಟ್ಸ್‌ನಲ್ಲಿ ಹುಡುಕಿ, ಅವರು ಆಡಿದ ಕೂಟಗಳೆಲ್ಲ ಒಂದೇ ಕಡೆ ಬರುತ್ತವೆ. ಬೆಳ್ತಂಗಡಿಯ ಇಶಾ ಶರ್ಮಾ ಅವರ ಆಟವನ್ನು ನಮ್ಮ ಗುಂಪು ಹಾಗೇ ಹಿಂಬಾಲಿಸುತ್ತದೆ. ಆಯೋಜಕರು ನಡೆಗಳ ಫೈಲ್ ಹಾಕಿದ್ದರೆ ಅದೂ ಅಲ್ಲೇ ಸಿಗುತ್ತದೆ. ಇಳಿಸಿಕೊಂಡು ಭಾನುವಾರ ಮೇಜಿನ ಮೇಲೆ ಆಡಿಸಿದರೆ ಆಯಿತು.