ಗಾಜಿನ ಗೀರಿಗೆ ಟೂತ್‌ಪೇಸ್ಟೋ, ಸೀರಿಯಂ ಆಕ್ಸೈಡೋ?

ವಿಜಯಪುರದ ಬೇಸಿಗೆ ದೂಳಿನಲ್ಲಿ ನೀರು ಹಾಕದೆ ವೈಪರ್ ಓಡಿಸಿದರೆ ಕಾರಿನ ಮುಂಗಾಜಿನ ಮೇಲೆ ಕಮಾನಿನಂಥ ಗೀರುಗಳು ಮೂಡುತ್ತವೆ. ಮೊದಲು ಗೀರಿಗೆ ಅಡ್ಡವಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಮನೆಯಲ್ಲಿ ತೆಗೆಯುವ ಆಸೆ ಬಿಡಿ. ಅಷ್ಟು ಆಳಕ್ಕೆ ಉಜ್ಜಿದರೆ ಗಾಜು ತಗ್ಗಾಗಿ ಎದುರಿನ ರಸ್ತೆಯೇ ಬಾಗಿದಂತೆ ಕಾಣುತ್ತದೆ. ಚಾಲಕನಿಗೆ ಅದು ಗೀರಿಗಿಂತ ದೊಡ್ಡ ಅಪಾಯ.

ಟೂತ್‌ಪೇಸ್ಟ್ ಅಗ್ಗ. ಆದರೆ ಕಲೆ ಹೋಗುತ್ತದೆ, ಗೀರು ಬಹುಪಾಲು ಉಳಿಯುತ್ತದೆ. ಟೀಪಾಯಿ ಗಾಜಿಗೆ ಸಾಕು.

ಮುಂಗಾಜಿಗೆ ನನ್ನ ಆಯ್ಕೆ ಸೀರಿಯಂ ಆಕ್ಸೈಡ್ ಪುಡಿ. ಮಸೂರಗಳಿಗೆ ಮೆರುಗು ಕೊಡುವುದಕ್ಕೂ ಇದೇ ಬಳಕೆಯಲ್ಲಿದೆ. ನೀರಿನಲ್ಲಿ ಕೆನೆಯ ಹದಕ್ಕೆ ಕಲಸಿ, ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಫೆಲ್ಟ್ (ಒತ್ತಿ ಮಾಡಿದ ಉಣ್ಣೆ ಬಟ್ಟೆ) ಪ್ಯಾಡ್‌ನಿಂದ ತಾಳ್ಮೆಯಿಂದ ಉಜ್ಜಿ. ಲೇಪ ಒಣಗಬಾರದು, ಒಂದೇ ಕಡೆ ಬಿಸಿಯಾದರೆ ಗಾಜು ಸೀಳಬಹುದು. ಸವೆದ ವೈಪರ್ ರಬ್ಬರನ್ನೂ ಆಗಲೇ ಬದಲಿಸಿಬಿಡಿ.